ಯಾರ ಕೂಗು ಜನಾಭಿಪ್ರಾಯ?

2016ರ ಅಕ್ಟೋಬರ್‌ನ ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಕೈ ಕೈ ಹಿಡಿದು ನಿಂತ ಸಾವಿರಾರು ಜನರಲ್ಲಿ ನಾನೂ ಒಬ್ಬ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಬೇಡ ಎಂಬುದು ನಮ್ಮ ಕೂಗು. ಅದಕ್ಕಾಗಿ ಎಂಟುನೂರಕ್ಕೂ ಹೆಚ್ಚು ಮರಗಳು ಉರುಳಬೇಕಿತ್ತು. ಹತ್ತು ಗಂಟೆಯ ಹೊತ್ತಿಗೆ ಮನೆಗೆ ಬಂದು ತಿಂಡಿ ತಿಂದೆ. ಮರುವರ್ಷ ಮಾರ್ಚ್‌ನಲ್ಲಿ ಸರಕಾರ ಯೋಜನೆಯನ್ನೇ ಕೈಬಿಟ್ಟಿತು. ಪ್ರಜಾಪ್ರಭುತ್ವ ಗೆದ್ದಿತೆಂದು ಗೆಳೆಯರೊಡನೆ ಬೀಗಿದೆ.

2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದರು. ಹತ್ತಿರ ಹತ್ತಿರ 200 ಕಿಲೋಮೀಟರ್. ಕೇಳಿದ್ದು ಮದ್ಯ ನಿಷೇಧ. 2007ರಲ್ಲಿ ಸಾರಾಯಿ ನಿಂತಿತ್ತು ನಿಜ. ಆದರೆ ಆ ಜಾಗಕ್ಕೆ ಅಗ್ಗದ ಬೇರೆ ಮದ್ಯ ಬಂದು ಕೂತಿತ್ತು. ಸರಕಾರ ಒಪ್ಪಲಿಲ್ಲ. ಒಪ್ಪುವುದು ಸುಲಭವೂ ಅಲ್ಲ. ಅಬಕಾರಿ ಆದಾಯ ಆಗಲೇ ವರ್ಷಕ್ಕೆ 15 ಸಾವಿರ ಕೋಟಿ ರೂಪಾಯಿ ಮೀರಿತ್ತು. ಅದೇ ಬೊಕ್ಕಸದಿಂದಲೇ ಆ ಹೆಂಗಸರ ಮನೆಯ ಅನ್ನಭಾಗ್ಯದ ಅಕ್ಕಿಯೂ ಬರಬೇಕು. ಗಂಡ ಕುಡಿದ ದುಡ್ಡಿನ ಒಂದು ಪಾಲು ಹೆಂಡತಿಯ ಪಡಿತರ ಚೀಲಕ್ಕೆ ಮರಳುವ ಈ ಲೆಕ್ಕವನ್ನು ಯಾವ ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿಸುತ್ತಾರೋ ಕಾಣೆ.

ನಾನೇನೂ ಪಾನನಿಷೇಧದ ಪರ ಅಲ್ಲ. ನಿಷೇಧವಿರುವ ಗುಜರಾತ್, ಬಿಹಾರಗಳಲ್ಲೂ ಕಳ್ಳಬಟ್ಟಿ ಕುಡಿದು ಜನ ಸತ್ತಿದ್ದಾರೆ. ಬಹಳ ಜನ ಕೇಳಿದರೆಂದು ಸರಕಾರ ಎಲ್ಲವನ್ನೂ ಕೊಡಬೇಕಿಲ್ಲ. ಹಾಗೆ ಕೊಡತೊಡಗಿದರೆ ಕೂಗಲು ಬಾರದವರ ಗತಿಯೇನು? ನನ್ನನ್ನು ಕಾಡುವುದು ಬೇರೆ. ಸೇತುವೆ ಬಿಟ್ಟರೆ ಸರಕಾರಕ್ಕೆ ಹಣ ಉಳಿಯುತ್ತಿತ್ತು, ಚುನಾವಣೆಯೂ ಹತ್ತಿರವಿತ್ತು, ಟಿವಿ ಕ್ಯಾಮೆರಾಗಳು ನಮ್ಮ ಮನೆಯ ಬಾಗಿಲಲ್ಲೇ ಇದ್ದವು. ನಮ್ಮ ಮಾತು ಗೆದ್ದದ್ದು ಅದು ಸರಿಯಿತ್ತೆಂದೋ, ಅಗ್ಗವಾಗಿತ್ತೆಂದೋ? ಆ ರಸ್ತೆಯಲ್ಲಿ ದಿನಾ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುವವರಿಗೆ ಏನು ಬೇಕೆಂದು ಸರಕಾರವೂ ಕೇಳಲಿಲ್ಲ, ಸರಪಳಿಯಲ್ಲಿ ನಿಂತ ನಾವೂ ಕೇಳಲಿಲ್ಲ. ಆದರೂ ಮರುದಿನ ನಮ್ಮ ಅಭಿಪ್ರಾಯಕ್ಕೆ 'ಜನಾಭಿಪ್ರಾಯ' ಎಂಬ ಹೆಸರು ಬಂತು. ಆ ಹೆಂಗಸರದು 'ಬೇಡಿಕೆ'ಯಾಗಿಯೇ ಉಳಿಯಿತು.

ಅವರು ಊರೊಳಕ್ಕೆ ಬಂದ ದಿನ ನಾನು ಬಸ್ಸಿನಲ್ಲಿದ್ದೆ. ಟ್ರಾಫಿಕ್ ನಿಂತಿತ್ತು. ಕಿಟಕಿಯಾಚೆ ಒಬ್ಬ ಅಜ್ಜಿ ಹರಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು. ನಾನು ಗಡಿಯಾರ ನೋಡಿಕೊಂಡೆ, ಆಫೀಸಿಗೆ ತಡವಾಗುತ್ತಿತ್ತು.