ಬಾಡಿದ ಸಸಿ ಸತ್ತಿಲ್ಲ

ಯೆರೆಮೀಯ 17ನೇ ಅಧ್ಯಾಯ, 8ನೇ ವಚನ ತೆಗೆಯಿರಿ. ಪ್ರವಾದಿ ಅಲ್ಲಿ ಒಂದು ಮರ ತೋರಿಸ್ತಾನೆ. ಬಿಸಿಲು ಬಂದರೂ ಅದಕ್ಕೆ ಭಯ ಇಲ್ಲ. ಯಾಕೆ? ಅದರ ಬೇರಿಗೆ ನೀರು ಸಿಕ್ಕಿದೆ.

ಬೇರು ಏನು ಮಾಡುತ್ತೆ? ಗಿಡವನ್ನು ಮಣ್ಣಲ್ಲಿ ಹಿಡಿದು ನಿಲ್ಲಿಸುತ್ತೆ. ನೀರು, ಲವಣ ಹೀರಿ ಮೇಲಕ್ಕೆ ಕಳಿಸುತ್ತೆ. ಕ್ಯಾರೆಟ್, ಗೆಣಸಿನಲ್ಲಿ ಆಹಾರವನ್ನೂ ಕೂಡಿಡುತ್ತೆ. ಆದರೆ ನೀರು ಹೀರುವ ಕೆಲಸ ಹೆಚ್ಚಾಗಿ ಮಾಡೋದು ಬೇರಿನ ತುದಿಯ ಹತ್ತಿರ ಇರುವ ಬೇರುರೋಮಗಳು. ಕೂದಲಿಗಿಂತ ಸಣ್ಣ. 1937ರಲ್ಲಿ ಡಿಟ್ಮರ್ ಎಂಬ ವಿಜ್ಞಾನಿ, ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆದ ಒಂದೇ ಒಂದು ರೈ ಗಿಡದ ಬೇರುಗಳ ಲೆಕ್ಕ ಹಾಕಿದರು. ರೈ ಅಂದ್ರೆ ಗೋಧಿಯಂಥ ಧಾನ್ಯ. ಬೇರುಗಳ ಒಟ್ಟು ಉದ್ದ ಸುಮಾರು 620 ಕಿ.ಮೀ.! ಬೇರುರೋಮಗಳು ಸುಮಾರು 1,400 ಕೋಟಿ! ಯಾರ ಕಣ್ಣಿಗೂ ಬೀಳದ ಕೆಲಸ. ಸ್ತೋತ್ರ!

ಈಗ ಒಂದು ಸಸಿ ಕಿತ್ತು ಬೇರೆ ಕಡೆ ನೆಡಿ. ನೀರು ಹಾಕಿದರೂ ಬಾಡುತ್ತೆ. ಕೀಳುವಾಗ ಬೇರುರೋಮಗಳು ಹರಿದುಹೋಗಿರುತ್ತವೆ. ನೀರು ಇದೆ, ಕುಡಿಯೋ ಬಾಯಿ ಇಲ್ಲ.

ನಾನೂ ಹಾಗೆ ಕಿತ್ತು ನೆಟ್ಟ ಸಸಿನೇ. 22ನೇ ವಯಸ್ಸಿಗೆ ಊರು ಬಿಟ್ಟು ಬೆಂಗಳೂರಿಗೆ ಬಂದೆ. ಪಿಜಿ ರೂಮು, ನೈಟ್ ಶಿಫ್ಟ್, ಭಾನುವಾರ ನಿದ್ದೆ. ಅಮ್ಮ ಫೋನ್ ಮಾಡಿ "ಸಭೆಗೆ ಹೋಗಿದ್ಯಾ ಮಗಾ?" ಅಂದ್ರೆ "ಹೂಂ ಅಮ್ಮ" ಅಂತಿದ್ದೆ. ಎಂಟು ತಿಂಗಳು ಅದೇ ಸುಳ್ಳು. ಒಂದು ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದೆ, ಮಾತೇ ಬರಲಿಲ್ಲ. ನನ್ನ ವಿಶ್ವಾಸ ಸತ್ತೋಯ್ತು ಅಂದುಕೊಂಡೆ.

ಸತ್ತಿರಲಿಲ್ಲ, ಪ್ರಿಯರೇ. ಬಾಡಿತ್ತು. ಪಕ್ಕದ ರೂಮಿನ ಅಣ್ಣ ಒಬ್ಬರು ದಿನಾ ಶಿಫ್ಟ್‌ಗೆ ಮುಂಚೆ ಹತ್ತು ನಿಮಿಷ ನನ್ನ ಜೊತೆ ಕೂತು ವಾಕ್ಯ ಓದಿದರು. ಬೈಯಲಿಲ್ಲ, ಬೋಧನೆ ಮಾಡಲಿಲ್ಲ. ಎರಡು ತಿಂಗಳಾದ ಮೇಲೆ ಅಮ್ಮನಿಗೆ ನಿಜ ಹೇಳಿದೆ. ಇಬ್ಬರೂ ಅತ್ತೆವು.

ರೈತರು ಸಸಿಯನ್ನು ಸಂಜೆ ತಂಪಿನಲ್ಲಿ ನೆಡ್ತಾರೆ, ಬುಡದ ಮಣ್ಣು ಉದುರದ ಹಾಗೆ ಹಿಡಿದುಕೊಳ್ತಾರೆ. ಬೇರು ಬಿಟ್ಟಿತಾ ಅಂತ ದಿನಾ ಕಿತ್ತು ನೋಡಲ್ಲ. ನೀವೂ ನಿಮ್ಮನ್ನು ಕಿತ್ತು ನೋಡಬೇಡಿ. ಒಂಟಿಯಾಗಿ ಇರಬೇಡಿ. ಬೇರುರೋಮದ ಆಯಸ್ಸು ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರ; ಗಿಡ ಹೊಸದನ್ನು ಹುಟ್ಟಿಸ್ತಾನೇ ಇರುತ್ತೆ. ಹೋದ ವರ್ಷದ ಕ್ಯಾಂಪಿನ ಅಭಿಷೇಕ ಇವತ್ತಿನ ನೀರು ಕುಡಿಯಲ್ಲ. ಇವತ್ತು ಹತ್ತು ನಿಮಿಷ ಕೂತುಕೊಳ್ಳಿ.

ನಿಮ್ಮ ಪಿಜಿಯಲ್ಲಿ ಬಾಡಿದ ತಮ್ಮ, ತಂಗಿ ಯಾರಾದರೂ ಇದ್ದಾರಾ? ಇವತ್ತೇ ಬಾಗಿಲು ತಟ್ಟಿ. ಎಲ್ಲರೂ ಕಣ್ಣು ಮುಚ್ಚಿ, ಪ್ರಾರ್ಥಿಸೋಣ. ಆಮೆನ್.