ಬಾಲಕ್ಕೆ ಕಟ್ಟಿದ ದಬ್ಬೆ

‘ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ.’ ಈ ಮಾತು ಕಿವಿಗೆ ಬೀಳದೆ ಸೊರಬ, ಶಿಕಾರಿಪುರ ಸೀಮೆಯಲ್ಲಿ ಯಾರೂ ದೊಡ್ಡವರಾಗುವುದಿಲ್ಲ. ಶಾಲೆ ತಪ್ಪಿಸುವ ಹುಡುಗನಿಗೆ, ಕುಡಿತ ಬಿಡುತ್ತೇನೆಂದು ಆಣೆ ಹಾಕಿ ಸಂಜೆಗೇ ಮರೆಯುವ ಗಂಡನಿಗೆ, ಹಳೇ ಸಾಲ ತೀರಿಸಲು ಹೊಸ ಸಾಲ ಮಾಡುವ ಅಣ್ಣನಿಗೆ ಇದು ತಪ್ಪದೆ ಅಂಟಿಕೊಳ್ಳುತ್ತದೆ. ಹೇಳುವವರ ದನಿಯಲ್ಲಿ ಸಿಟ್ಟಿಗಿಂತ ಸೋಲು ಹೆಚ್ಚು. ಇನ್ನು ನನ್ನ ಕೈಲಾಗದು ಎಂಬುದು ಅದರ ಅರ್ಥ. ಆದರೆ ಇಷ್ಟು ಜನರ ಸೋಲನ್ನು ಹೊತ್ತುಕೊಂಡು ತಿರುಗುತ್ತಿರುವ ಆ ಬಾಲದ ಕಡೆಯಿಂದ ಮಾತನ್ನು ನೋಡಿದವರು ಕಡಿಮೆ. ನಾನು ನೋಡುವಂತಾದದ್ದು ನಮ್ಮ ಮನೆಯ ಕರಿಯನಿಂದ.

ಮೊದಲು ದಬ್ಬೆಯ ವಿಷಯ. ಅಡಿಕೆ ಮರವನ್ನು ಉದ್ದಕ್ಕೆ ಸೀಳಿದರೆ ಬರುವುದೇ ದಬ್ಬೆ. ತೋಟವಿರುವ ಊರುಗಳಲ್ಲಿ ಅದಿಲ್ಲದೆ ಕೆಲಸ ನಡೆಯುವುದಿಲ್ಲ. ಅಂಗಳದ ಚಪ್ಪರಕ್ಕೆ, ಅಡಿಕೆ ಒಣಗಿಸುವ ಅಟ್ಟಕ್ಕೆ, ಬೇಲಿಗೆ, ಕೊಟ್ಟಿಗೆಯ ಮಾಡಿಗೆ ಎಲ್ಲಕ್ಕೂ ಅದೇ. ಇನ್ನೊಂದು ದಬ್ಬೆ ಬಿದಿರಿನದು. ಕೈಕಾಲು ಮುರಿದುಕೊಂಡು ಬಂದವರಿಗೆ ನಾಟಿ ವೈದ್ಯರು ಸೊಪ್ಪಿನ ಪಟ್ಟು ಹಾಕಿ, ಎರಡೂ ಕಡೆ ಬಿದಿರ ದಬ್ಬೆಯಿಟ್ಟು ಬಿಗಿಯುತ್ತಿದ್ದರು. ಗಾದೆಯೊಳಗಿನ ದಬ್ಬೆ ಈ ಎರಡನೆಯದು. ಮುರಿದದ್ದನ್ನು ಕೂಡಿಸಲು ಕಟ್ಟುವಂಥದು.

ಎಂಟೋ ಒಂಬತ್ತೋ ವರ್ಷದವನಿದ್ದಾಗ ನಾನು ಇದನ್ನು ಮಾಡಿಯೇ ನೋಡಿದೆ. ಕರಿಯ ಆಗಿನ್ನೂ ಮರಿ. ಬಾಳೆಪಟ್ಟೆಯ ದಾರ, ಒಂದು ಗೇಣು ದಬ್ಬೆಯ ಚೂರು. ಬಾಲವನ್ನು ಬೆರಳಲ್ಲಿ ಹಿಡಿದಾಗ ಒಳಗೆ ಸಣ್ಣ ಸಣ್ಣ ಮಣಿ ಪೋಣಿಸಿದಂತೆ ಮೂಳೆಗಳು ಕೈಗೆ ಹತ್ತಿದವು. ಕೆಳಮೈಯ ಕೂದಲು ನಸುಗೆಂಪು, ತುದಿಯಲ್ಲಿ ನಾಲ್ಕೇ ನಾಲ್ಕು ಬಿಳಿ ಕೂದಲು. ಕಟ್ಟಿ ಮುಗಿಸುವವರೆಗೂ ಅದು ಸುಮ್ಮನೆ ನಿಂತಿತ್ತು. ಆಮೇಲೆ ದೂರ ಹೋಗಿ, ತುಳಸಿಕಟ್ಟೆಯ ಹಿಂದೆ ಕೂತು, ದಾರವನ್ನು ನಿಧಾನವಾಗಿ ಕಡಿದು ಹಾಕಿತು. ಬಾಲ ಮತ್ತೆ ಸುತ್ತಿಕೊಂಡು ಬೆನ್ನ ಮೇಲೆ ಬಂತು. ಇದನ್ನೆಲ್ಲ ಜಗಲಿಯಿಂದ ನೋಡುತ್ತಿದ್ದ ಅಜ್ಜ, “ತಮ್ಮಾ, ಅದೇನು ಮುರದೈತನಾ, ದಬ್ಬೆ ಕಟ್ಟಾಕೆ?” ಎಂದರು.

ಮುರಿದಿದೆಯೇ? ಗಾದೆ ಮುರಿದಿದೆ ಎಂದೇ ಹಿಡಿದು ಹೊರಡುತ್ತದೆ. ಡೊಂಕು ಎಂದರೆ ಊನ, ಊನವನ್ನು ನೆಟ್ಟಗೆ ಮಾಡಬೇಕು, ಮಾಡಲಾಗದಿದ್ದರೆ ಅದು ನಾಯಿಯ ಹಟ. ಆದರೆ ಆ ಡೊಂಕು ಎಲ್ಲಿಂದ ಬಂತು ಎಂದು ಕೇಳಿದರೆ ಮಾತಿನ ದಿಕ್ಕೇ ಬದಲಾಗುತ್ತದೆ. ನಾಯಿಯ ಹಿರಿಯನಾದ ತೋಳದ ಬಾಲ ಸುತ್ತಿಕೊಂಡಿರುವುದಿಲ್ಲ, ನೇರವಾಗಿ ಇಳಿಬಿದ್ದಿರುತ್ತದೆ. 1959ರಲ್ಲಿ ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ದಿಮಿತ್ರಿ ಬೆಲ್ಯಾಯೆವ್ ಮತ್ತು ಲ್ಯುದ್ಮಿಲಾ ತ್ರುಟ್ ಬೆಳ್ಳಿನರಿಗಳನ್ನಿಟ್ಟುಕೊಂಡು ಒಂದು ಪ್ರಯೋಗ ಶುರುಮಾಡಿದರು. ಮನುಷ್ಯ ಹತ್ತಿರ ಬಂದರೆ ಹೆದರದ, ಕಚ್ಚದ ನರಿಗಳನ್ನಷ್ಟೇ ಆರಿಸಿ ತಳಿ ಮುಂದುವರಿಸಿದರು. ಬಣ್ಣ ನೋಡಲಿಲ್ಲ, ಆಕಾರ ನೋಡಲಿಲ್ಲ. ಕೆಲವು ತಲೆಮಾರು ಕಳೆಯುವುದರೊಳಗೆ ಬಾಲ ಸುತ್ತಿಕೊಂಡ ಮರಿಗಳು ಕಾಣಿಸಿಕೊಂಡವು. ಈ ಬದಲಾವಣೆಗಳಲ್ಲಿ ಯಾವುದು ಸಾಧುತನದ ಜೊತೆಗೇ ಬಂದದ್ದು, ಯಾವುದು ಆ ನರಿಗಳ ವಂಶದಲ್ಲಿ ಮೊದಲೇ ಇದ್ದದ್ದು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಈಗಲೂ ವಾದವಿದೆ. ನನಗಂತೂ ಇವೆಲ್ಲ ಸಾಧುತನದ ಜೊತೆಗೇ ಬಂದವೆಂಬ ಬೆಲ್ಯಾಯೆವ್ ಅವರ ಹೊಳಹನ್ನು ಬಿಡಲು ಮನಸ್ಸಾಗುವುದಿಲ್ಲ. ಅದು ನಿಜವಾದರೆ ನಾವು ಆಡಿಕೊಳ್ಳುವ ಆ ಡೊಂಕು, ನಾಯಿ ನಮ್ಮ ಹತ್ತಿರ ಬಂದದ್ದರ ಗುರುತು. ಅದನ್ನು ನೆಟ್ಟಗೆ ಮಾಡಹೊರಟವನು ನಂಟನ್ನೇ ಬಿಚ್ಚಲು ಹೊರಟಂತೆ.

ಕರಿಯ ಹೇಳಿದ ಮಾತು ಕೇಳುವ ನಾಯಿಯಲ್ಲ. ಕರೆದರೆ ಕಿವಿಯೊಂದು ಅಲ್ಲಾಡುತ್ತಿತ್ತು, ಅಷ್ಟೇ. ಹಗಲೆಲ್ಲ ಊರು ತಿರುಗಿ ಬಂದು, ಅನ್ನ ಹಾಕಿದರೆ ತನಗೆ ಹಸಿವಾದಾಗ ತಿನ್ನುತ್ತಿತ್ತು. ಸರಪಳಿ ತರೋಣ ಎಂದು ಅಪ್ಪ ಒಮ್ಮೆ ಅಂದಾಗ ಅಜ್ಜ ಒಪ್ಪಲಿಲ್ಲ. “ಬರದಿದ್ರೆ ಅದಕ್ಕೇನೋ ಕೆಲಸ ಐತಿ ಅಂತ ತಿಳ್ಕ. ಕಟ್ಟಿ ಹಾಕಿದ್ರೆ ಅದು ನಮ್ಮನೇಲಿ ಇರ್ತತಿ, ನಮ್ ಜೊತಿಗೆ ಇರಲ್ಲ,” ಎಂದಿದ್ದರು. ಆದರೆ ಸುಗ್ಗಿ ಹತ್ತಿರವಾಗಿ ಹಂದಿ ಕಾಯಲು ಗದ್ದೆಯ ಮಾಳಕ್ಕೆ ಹೊರಟ ಅಜ್ಜ ಕಂಬಳಿ ಹೆಗಲಿಗೆ ಹಾಕುವಷ್ಟರಲ್ಲಿ ಅದು ಉಣಗೋಲಿನ ಹತ್ತಿರ ನಿಂತಿರುತ್ತಿತ್ತು. ಯಾರೂ ಕರೆದದ್ದಿಲ್ಲ. ಹಳ್ಳಕ್ಕೆ ಹಾಕಿದ ಸಂಕ ಎರಡೇ ಅಡಿಕೆ ಮರದ್ದು, ಮಂಡಿನೋವಿನ ಅಜ್ಜ ಅದನ್ನು ದಾಟಲು ಹೊತ್ತು ಹಿಡಿಯುತ್ತಿತ್ತು. ಕರಿಯ ಮೊದಲೇ ದಾಟಿ ಆಚೆ ದಡದಲ್ಲಿ ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಿತ್ತು. “ನಿಮಗಾಗಿ ಕಾಯ್ತದೆ” ಎಂದರೆ ಅಜ್ಜ, “ಏ, ಅದು ಹಂದಿ ವಾಸನೆ ನೋಡ್ತತಿ” ಎನ್ನುತ್ತಿದ್ದರು.

ಶಿಕಾರಿಪುರದ ಹೆಸರಿನಲ್ಲೇ ಬೇಟೆಯಿದೆ. ಈ ಎರಡು ತಾಲೂಕುಗಳ ಕೆರೆ ಏರಿಗಳ ಮೇಲೆ, ಗುಡಿಗಳ ಪಕ್ಕದಲ್ಲಿ ನಿಂತ ಕಲ್ಲುಗಳೂ ಬಹಳ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ಶಿಕಾರಿಪುರದ ಶಾಸನಗಳು 7ನೇ ಸಂಪುಟದಲ್ಲಿ, ಸೊರಬದವು 8ನೇ ಸಂಪುಟದಲ್ಲಿ ಸೇರಿವೆ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವರ ಕಲ್ಲುಗಳೇ ಎಷ್ಟೋ. ನಾಯಿಗೇ ನಿಲ್ಲಿಸಿದ ಕಲ್ಲೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನದು ಅದು, ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗ ಬೂತುಗ ಒಂದಾಗಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಳಗದಲ್ಲಿ ಬೂತುಗನ ಆಳು ಮಣಲೆರ ಪರಾಕ್ರಮ ತೋರಿದ. ಮೆಚ್ಚಿದ ದೊರೆ ಬೇಡಿದ್ದನ್ನು ಕೊಡುತ್ತೇನೆಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಬೆಟ್ಟದಲ್ಲಿ ಕಾಳಿ ದೊಡ್ಡ ಹಂದಿಯೊಂದನ್ನು ಎದುರಿಸಿ, ಎರಡೂ ಒಟ್ಟಿಗೆ ಸತ್ತವು. ಮಣಲೆರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಅಲ್ಲಿಯ ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟು ಮಾಡಿದ. ಕಲ್ಲಿನ ಮೇಲೆ ನಾಯಿ ಹಂದಿಯ ಮೇಲೆ ಬಿದ್ದದ್ದನ್ನು ಕೆತ್ತಿದ್ದಾರೆ.

ಆ ಕಲ್ಲಿನ ಮುಂದೆ ನಿಂತಾಗ ನನಗೆ ಹೊಳೆದದ್ದು ಇಷ್ಟು. ಹಗ್ಗ ಬಿಡುವವರೆಗೆ ಮಾತ್ರ ಬೇಟೆಗಾರನ ಅಧಿಕಾರ. ಪೊದೆಯೊಳಗೆ ಹೊಕ್ಕ ಮೇಲೆ ಎಲ್ಲಿ ಹಿಡಿಯಬೇಕು, ಯಾವಾಗ ಹಿಂದೆ ಸರಿಯಬೇಕು, ಸರಿಯಬೇಕೋ ಬೇಡವೋ ಎಂಬುದೆಲ್ಲ ನಾಯಿಯದೇ ತೀರ್ಮಾನ. ಕಾಳಿ ಸರಿಯಲಿಲ್ಲ. ಹೇಳಿದಷ್ಟನ್ನೇ ಮಾಡುವ ಪ್ರಾಣಿಗೆ ಯಾರೂ ಕಲ್ಲು ನಿಲ್ಲಿಸುವುದಿಲ್ಲ.

ಕುವೆಂಪು ಅವರಿಗೆ ಇದು ಗೊತ್ತಿತ್ತು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಲಿಯ, ಗುತ್ತಿಯ ಹೆಸರಿಗೇ ಅಂಟಿಕೊಂಡು ಅವನನ್ನು ನಾಯಿಗುತ್ತಿಯನ್ನಾಗಿ ಮಾಡಿದ ನಾಯಿ. ಕೊನೆಗೆ ತುಂಬಿದ ತುಂಗೆಗೆ ಅದು ಧುಮುಕಿದ್ದನ್ನು ಓದಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಪುಸ್ತಕ ಮಡಚಿಟ್ಟು ಕೂತಿದ್ದಾರೋ.

ಅನ್ನ ಹಾಕುವುದರಿಂದಲೇ ನಾಯಿ ನಮ್ಮದಾಗುತ್ತದೆ ಎಂಬುದು ಇನ್ನೊಂದು ಗಟ್ಟಿ ನಂಬಿಕೆ. ಕೋಲ್ಕತ್ತದ ಐಸರ್ ಸಂಸ್ಥೆಯವರು ಬೀದಿನಾಯಿಗಳನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಅಪರಿಚಿತರು ದಿನವೂ ತಿನ್ನಲು ಕೊಟ್ಟ ನಾಯಿಗಳಿಗಿಂತ, ತಲೆ ಸವರಿದ ನಾಯಿಗಳು ಅವರನ್ನು ಹೆಚ್ಚು ನಂಬಿದವು. ಇದನ್ನು ಓದಿದಾಗ ಅಜ್ಜನ ಕೈ ನೆನಪಾಯಿತು. ಮಾಳದಿಂದ ಬೆಳಗಿನ ಜಾವ ಬಂದು ಜಗಲಿಯಲ್ಲಿ ಕೂತವರು ಕವಳ ಹಾಕುತ್ತಾ, ಎಡಗೈಯನ್ನು ಸುಮ್ಮನೆ ಕೆಳಗೆ ಇಳಿಬಿಡುತ್ತಿದ್ದರು. ಕರಿಯನಿಗೆ ಮನಸ್ಸಿದ್ದರೆ ಬಂದು ಆ ಕೈಯ ಕೆಳಗೆ ತಲೆಯಿಡುತ್ತಿತ್ತು. ಇಲ್ಲದಿದ್ದರೆ ಇಲ್ಲ. ಬಾರದ ದಿನವೂ ಅಜ್ಜ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿರುತ್ತಿದ್ದರು.

ಅಜ್ಜ ಹೋದದ್ದು ಭತ್ತ ಹಾಲುತುಂಬುವ ಕಾಲದಲ್ಲಿ. ಕರಿಯ ಊಟ ಬಿಡಲಿಲ್ಲ, ಅಳುದನಿ ತೆಗೆಯಲಿಲ್ಲ, ಸುಟ್ಟ ಜಾಗಕ್ಕೆ ಹೋಗಿ ಮಲಗಲೂ ಇಲ್ಲ. ಎಂದಿನಂತೆ ಊರು ತಿರುಗಿಕೊಂಡಿತ್ತು. ನಾಯಿಗೇನು ಗೊತ್ತಾಗುತ್ತದೆ ಎಂದರು ಬಂದವರು. ಸೂತಕ ಕಳೆದ ಮೇಲೆ ಗದ್ದೆ ಕಾಯಲು ಯಾರಾದರೂ ಹೋಗಲೇಬೇಕಾಯಿತು. ಅಪ್ಪನಿಗೆ ಜ್ವರವಿತ್ತು. ಟಾರ್ಚು, ಅಜ್ಜನ ಕಂಬಳಿ ಹಿಡಿದು ನಾನು ಇಳಿದೆ. ಉಣಗೋಲಿನ ಹತ್ತಿರ ಅದು ನಿಂತಿತ್ತು. ನಾನು ಕರೆಯಲಿಲ್ಲ. ಮುಂದೆ ಮುಂದೆ ಹೋಯಿತು, ಟಾರ್ಚಿನ ಬೆಳಕಿನ ತುದಿಯಲ್ಲಿ ಆ ಸುತ್ತಿದ ಬಾಲ, ನಾಲ್ಕು ಬಿಳಿ ಕೂದಲು. ಒಮ್ಮೆಯೂ ಹಿಂದೆ ನೋಡಲಿಲ್ಲ. ನನಗೆ ಮಂಡಿನೋವೇನೂ ಇರಲಿಲ್ಲ, ಸಂಕವನ್ನು ಎರಡು ಹೆಜ್ಜೆಯಲ್ಲಿ ದಾಟಬಲ್ಲ ವಯಸ್ಸು. ಆದರೂ ಆಚೆ ದಡದಲ್ಲಿ ಅದು ನಿಂತಿತು, ಬೇರೆ ಕಡೆ ಮುಖ ಮಾಡಿ.