ಇವು ಯಾರ ರೊಕ್ಕ?

ನಮ್ಮ ಕಡೆ ನವೆಂಬರ್ ಬಂತೆಂದರೆ ರಸ್ತೆಗಳೆಲ್ಲ ಕಬ್ಬಿನ ಪಾಲು. ರಾಯಬಾಗ, ಅಥಣಿ, ಕಾಗವಾಡದ ಹೊಲಗಳಿಂದ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಓಡಾಡುತ್ತವೆ. ಅವು ಬಂದು ನಿಲ್ಲುವ ಒಂದು ತೂಕದ ಕಾಟಾದಲ್ಲಿ ನಾನು ಕೆಲವು ಹಂಗಾಮು ಕೆಲಸ ಮಾಡಿದ್ದೇನೆ. ಕಿಟಕಿಯ ಒಳಗೆ ನಾನು, ಹೊರಗೆ ರೈತ, ನಡುವೆ ಒಂದು ಚೀಟಿ.

ನಾನು ಕಥೊಲಿಕ. ನಮ್ಮ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಚಿಕ್ಕೋಡಿ ಸೀಮೆಯಲ್ಲಿ ನಮ್ಮವರ ಮನೆಗಳು ಇಂದಿಗೂ ಕಡಿಮೆ. ಇಲ್ಲಿ ನಮ್ಮ ನಂಬಿಕೆಯನ್ನು ಜನ ಚರ್ಚಿನೊಳಗೆ ಬಂದು ನೋಡುವುದಿಲ್ಲ, ನಮ್ಮ ಕೆಲಸದಲ್ಲಿ ನೋಡುತ್ತಾರೆ.

ಕೆಲಸವೇ ಪ್ರಾರ್ಥನೆ ಎಂಬ ಮಾತನ್ನು ನಾನು ಮೊದಲು ಕಂಡದ್ದು ಅವ್ವನ ಕೈಯಲ್ಲಿ. ಅವಳು ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಬೆರಳುಗಳು ಎಲೆ ಸುತ್ತುತ್ತಿದ್ದರೆ ತುಟಿಗಳು ಜಪಸರ ಹೇಳುತ್ತಿದ್ದವು. ಸಂಜೆ ಸಾವಿರ ಬೀಡಿ ಒಯ್ದು ಕೊಟ್ಟಾಗ ಎಣಿಸುವವನು ಒಂದು ಹಿಡಿ ಬೀಡಿಯನ್ನು ಕಳಪೆ ಎಂದು ಬದಿಗೆ ಸರಿಸುತ್ತಿದ್ದ. ಅವುಗಳಿಗೆ ಕೂಲಿ ಇಲ್ಲ, ಆದರೆ ಅವು ವಾಪಸ್ಸೂ ಬರುತ್ತಿರಲಿಲ್ಲ. ಅವ್ವ ಏನೂ ಅನ್ನುತ್ತಿರಲಿಲ್ಲ. ಆ ಮೌನವೂ ಪ್ರಾರ್ಥನೆಯ ಭಾಗ ಎಂದು ಚಿಕ್ಕವನಾದ ನಾನು ತಿಳಿದಿದ್ದೆ.

ಕಾಟಾದಲ್ಲಿ ಮೂರನೆಯ ಹಂಗಾಮು. ಮಾಲೀಕ ನೇರವಾಗಿ ಏನೂ ಹೇಳಲಿಲ್ಲ. ಪ್ರತಿ ಲೋಡಿಗೂ ಒಂದು ಕ್ವಿಂಟಲ್ ಕಡಿಮೆ ತೋರಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದಷ್ಟೇ ಅಂದ. ಇಪ್ಪತ್ತು ಟನ್ನಿನ ಲೋಡಿನಲ್ಲಿ ಒಂದು ಕ್ವಿಂಟಲ್ ಎಂದರೆ ಇನ್ನೂರರಲ್ಲಿ ಒಂದು ಪಾಲು. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ ದರದಲ್ಲಿ ಲೆಕ್ಕ ಹಾಕಿದರೆ 340 ರೂಪಾಯಿ. ಹೆಚ್ಚುಕಡಿಮೆ ಕಬ್ಬು ಕಡಿಯುವ ಒಬ್ಬ ಆಳಿನ ಒಂದು ದಿನದ ದುಡಿಮೆ. ನಾನು ಚೀಟಿ ಬರೆದೆ. ಭಾನುವಾರ ಬಲಿಪೂಜೆಗೆ ಹೋದೆ, ಸೋಮವಾರ ಮತ್ತೆ ಚೀಟಿ ಬರೆದೆ. ಎರಡರ ನಡುವೆ ಏನೋ ತಪ್ಪಿದೆ ಎಂದು ಅನ್ನಿಸಲೇ ಇಲ್ಲ. ಹೆಂಡತಿ ಮಕ್ಕಳಿಗಾಗಿ ದುಡಿಯುತ್ತಿದ್ದೇನೆ ಎಂಬ ಸಮಾಧಾನವೂ ಇತ್ತು.

ತಿಂಗಳ ಕೊನೆಗೆ ಪಗಾರದ ಜೊತೆ ಇನ್ನೊಂದು ಲಕೋಟೆ ಬಂತು. ಅದನ್ನು ಹೆಂಡತಿಯ ಕೈಗಿಟ್ಟೆ. ಅವಳು ಎಣಿಸಿ ಕೇಳಿದಳು: “ಇವು ಯಾರ ರೊಕ್ಕ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. ಲಕೋಟೆಯನ್ನು ದೇವರ ಪಟದ ಪಕ್ಕದಲ್ಲಿ ಇಡದೆ ಹೊರಗಿನ ಕಿಟಕಿಯ ಮೇಲೆ ಇಟ್ಟಳು.

ಕನ್ನಡ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಅದು ಕದ್ದ ಅಕ್ಕಿಯಲ್ಲ, ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿ ಅಷ್ಟೆ. ಅಷ್ಟಕ್ಕೇ ಅವಳು ಒಪ್ಪಲಿಲ್ಲ. ನನ್ನ ಕೈಯಲ್ಲಿದ್ದುದು ಕದ್ದದ್ದು.

ಆ ರಾತ್ರಿ ಅವ್ವನ ಹಿಡಿ ಬೀಡಿ ನೆನಪಾಯಿತು. ನಾನು ಈಗ ಕುಳಿತದ್ದು ಆ ಎಣಿಸುವವನ ಜಾಗದಲ್ಲಿ. ಅವ್ವನ ಮೌನ ಪ್ರಾರ್ಥನೆಯಾಗಿರಲಿಲ್ಲ, ಬೇರೆ ದಾರಿ ಇಲ್ಲದವಳ ಮೌನವಾಗಿತ್ತು. ಕೆಲಸವೇ ಪ್ರಾರ್ಥನೆ ಎಂದು ದುಡಿಯುವವರಿಗೆ ಉಪದೇಶ ಮಾಡುವುದು ಸುಲಭ. ಎಣಿಸುವವರಿಗೆ, ತೂಗುವವರಿಗೆ, ಪಗಾರ ಕೊಡುವವರಿಗೆ ಅದನ್ನು ಮೊದಲು ಹೇಳಬೇಕು. 1981ರಲ್ಲಿ ಎರಡನೆಯ ಜಾನ್ ಪೌಲ್ ಪೋಪರು ದುಡಿಮೆಯ ಕುರಿತು ಹೊರಡಿಸಿದ ವಿಶ್ವಪತ್ರದ ತಿರುಳೂ ಇದರ ಹತ್ತಿರದ್ದೇ: ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ದುಡಿಮೆಗಾಗಿ ಅಲ್ಲ.

ನಾನು ಪಾಪನಿವೇದನೆಗೆ ಹೋದೆ. ಕ್ಷಮೆ ಸಿಕ್ಕರೆ ಮುಗಿಯಿತು ಎಂದುಕೊಂಡಿದ್ದೆ. ಗುರುಗಳು ಜಕ್ಕಾಯನನ್ನು ನೆನಪಿಸಿದರು. ಯೆರಿಕೋ ಊರಿನ ಆ ಸುಂಕದವನು ಯೇಸುವಿಗೆ ಬರೀ ಊಟ ಹಾಕಲಿಲ್ಲ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಕದ್ದದ್ದನ್ನು ಮರಳಿಸುವ ಮನಸ್ಸಿಲ್ಲದ ಪಶ್ಚಾತ್ತಾಪವನ್ನು ನಮ್ಮ ಧರ್ಮಸಭೆ ಪೂರ್ಣ ಎಂದು ಒಪ್ಪುವುದಿಲ್ಲ.

ಆದರೆ ಯಾರಿಗೆ ಮರಳಿಸಲಿ? ಆ ತಿಂಗಳ ಲೋಡುಗಳು ನೂರಾರು. ಗೊತ್ತಿದ್ದ ಏಳು ಮಂದಿ ರೈತರ ಮನೆಗೆ ಹೋದೆ. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಬೈದರು. ಒಬ್ಬರು ಚಹಾ ಕೊಟ್ಟರು. ಒಬ್ಬ ಮುದುಕ ರೊಕ್ಕ ತೆಗೆದುಕೊಂಡು, “ತೂಕ ತಪ್ಪೈತಿ ಅಂತ ನಮಗ ಗೊತ್ತಿತ್ತೋ ತಮ್ಮಾ. ಹೇಳೂದು ಯಾರಿಗೆ?” ಎಂದ. ಬೈಗುಳಕ್ಕಿಂತ ಆ ಮಾತು ಹೆಚ್ಚು ನೋಯಿಸಿತು. ಅವ್ವನೂ ಹಾಗೆಯೇ ಎಲ್ಲ ತಿಳಿದೇ ಸುಮ್ಮನಿದ್ದಳಲ್ಲ.

ಆ ಕೆಲಸ ಬಿಟ್ಟೆ. ಈಗ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಪಗಾರ ಕಡಿಮೆ. ಮಗನ ಫೀ ಕಟ್ಟುವಾಗ ಪ್ರತಿ ವರ್ಷ ಕಷ್ಟವಾಗುತ್ತದೆ. ಆ ಕಷ್ಟವನ್ನು ನಾನು ತ್ಯಾಗ ಎಂದು ಕರೆಯುವುದಿಲ್ಲ. ಇನ್ನೂ ನೂರಾರು ಮಂದಿಯ ಸಾಲ ನನ್ನ ಮೇಲಿದೆ, ಅದರ ಪಾಲೆಂದು ತಿಂಗಳಿಗಿಷ್ಟು ಬಡವರಿಗೆ ಕೊಡುತ್ತೇನೆ, ಅಷ್ಟೇ.

ಸುವಾರ್ತೆಗಳು ಯೇಸುವಿನ ನಜರೇತಿನ ವರ್ಷಗಳ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಒಬ್ಬ ಬಡಗಿಯ ಮನೆ, ಒಂದು ತಾಯಿ, ಊರಿನವರ ಕೆಲಸ. 1955ರಲ್ಲಿ ಘೋಷಣೆಯಾದ ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಮೇ 1ರಂದು ಮಾಡುವಾಗ ನಾನು ಯೋಚಿಸುತ್ತೇನೆ: ಆತ ಮಾಡಿಕೊಟ್ಟ ನೇಗಿಲು ನೆಟ್ಟಗಿದ್ದಿರಬೇಕು, ಕೇಳಿದ ಕೂಲಿ ಸರಿಯಾಗಿದ್ದಿರಬೇಕು. ಸಂಜೆ ತಂದ ಹಣ ಯಾರದೆಂದು ಮರಿಯಮ್ಮ ಕೇಳುವ ಅಗತ್ಯ ಬಂದಿರಲಾರದು.

ನಮ್ಮ ಮನೆಯಲ್ಲಿ ಆ ಅಗತ್ಯ ಬಂತು. ಆದ್ದರಿಂದ ಈಗಲೂ ಪಗಾರದ ದಿನ ಹೆಂಡತಿ ಕೇಳುತ್ತಾಳೆ. ಸಂಶಯದಿಂದಲ್ಲ, ರೂಢಿಯಿಂದ. ನಾನು ಉತ್ತರ ಕೊಟ್ಟ ಮೇಲೆ ನಾವು ಸಂಜೆಯ ಜಪಕ್ಕೆ ಕೂರುತ್ತೇವೆ.